ಒಂದೆಳೆ ಹರಿದರೆ ಹಗ್ಗ ಹರಿಯಬಾರದು

'ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?' ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನಡಿಗೆ ಇದ್ದಲ್ಲಿ ಎಡವುವುದೂ ಇದ್ದೇ ಇರುತ್ತದೆ ಎಂಬ ತಿಳಿವಳಿಕೆ ಈ ಮಾತಿನಲ್ಲಿದೆ. ಮನುಷ್ಯರಿಗೆ ತೋರುವ ಈ ಔದಾರ್ಯವನ್ನು ಯಂತ್ರಗಳಿಗೂ ಕಟ್ಟಡಗಳಿಗೂ ತೋರಲು ನಾವು ಸಿದ್ಧರಿರುವುದಿಲ್ಲ. ಸೇತುವೆ ಎಂದ ಮೇಲೆ ಬಿರುಕು ಬಿಡಕೂಡದು, ರೈಲು ಎಂದ ಮೇಲೆ ಕೆಡಕೂಡದು ಎಂಬುದೇ ನಮ್ಮ ನಿರೀಕ್ಷೆ. ಆದರೆ ಮನುಷ್ಯನ ಕೈಯಿಂದಾದ ವಸ್ತು ಎಂದೋ ಒಂದು ದಿನ, ಎಲ್ಲೋ ಒಂದು ಕಡೆ ಕೆಟ್ಟೇ ಕೆಡುತ್ತದೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ. ರಬ್ಬರು ಒಣಗಿ ಬಿರಿಯುತ್ತದೆ. ಬೆಸುಗೆಯೊಳಗೆ ಕಣ್ಣಿಗೆ ಕಾಣದ ಗುಳ್ಳೆ ಉಳಿದಿರುತ್ತದೆ. ರಾತ್ರಿಪಾಳಿಯ ಕೆಲಸಗಾರನಿಗೆ ತೂಕಡಿಕೆ ಬರುತ್ತದೆ.

ಆದ್ದರಿಂದ ಒಳ್ಳೆಯ ಎಂಜಿನಿಯರನು ತನ್ನನ್ನು ತಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದು ಕೆಡದಂತೆ ಮಾಡುವುದು ಹೇಗೆ ಎಂಬುದು ಮೊದಲನೆಯದು. ಇದು ಕೆಟ್ಟಾಗ ಏನಾಗುತ್ತದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಮರೆತರೆ ಏನಾದೀತೆಂಬುದನ್ನು ತಿಳಿಯಲು ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ನಾವು ದಿನನಿತ್ಯ ದಾಟುವ ನದಿಗಳೇ ಅದನ್ನು ಹೇಳುತ್ತವೆ.

ಮಾಂಡೋವಿಯ ಪಾಠ

1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡೋವಿ ನದಿಯ ಮೇಲಿದ್ದ ನೆಹರೂ ಸೇತುವೆ ಕುಸಿಯಿತು. ಆಗಿನ್ನೂ ಗೋವೆ ಕೇಂದ್ರಾಡಳಿತ ಪ್ರದೇಶವಾಗಿದ್ದಿತು. ಸೇತುವೆಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಪ್ರಾಯದಲ್ಲೇ ಅದು ಬಿದ್ದುದೇಕೆ?

ಆ ಸೇತುವೆಯನ್ನು ಕಟ್ಟಿದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಆದ್ದರಿಂದ ಉದ್ದನೆಯ ಸೇತುವೆಗಳಲ್ಲಿ ಕಾಂಕ್ರೀಟಿನೊಳಗೆ ಕೊಳವೆಗಳನ್ನಿಟ್ಟು, ಅವುಗಳಲ್ಲಿ ಗಟ್ಟಿ ಉಕ್ಕಿನ ತಂತಿಗಳನ್ನು ತೂರಿಸಿ, ಬಲವಾಗಿ ಎಳೆದು ತುದಿಗಳಲ್ಲಿ ಬಿಗಿಯುತ್ತಾರೆ. ಮೇಜಿನ ಮೇಲಿನ ಪುಸ್ತಕಗಳ ಸಾಲನ್ನು ಎರಡೂ ಕೈಗಳಿಂದ ಒತ್ತಿ ಹಿಡಿದರೆ ಇಡೀ ಸಾಲನ್ನು ಒಂದೇ ಹಲಗೆಯಂತೆ ಎತ್ತಬಹುದಷ್ಟೆ. ಕೈಗಳು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ತಂತಿಗಳು ಮಾಡುತ್ತವೆ. ಮಾಂಡೋವಿಯಲ್ಲಿ ಒಂದೊಂದು ಕಂಬದಿಂದಲೂ ಇಕ್ಕೆಲಕ್ಕೆ ತೋಳುಗಳು ಚಾಚಿದ್ದುವು. ಎದುರುಬದುರಾದ ಎರಡು ತೋಳುಗಳು ನಡುನೀರಿನ ಮೇಲೆ ಒಂದು ಕೀಲಿನಲ್ಲಿ ಕೂಡುತ್ತಿದ್ದುವು. ಈ ವಿಧಾನ ಲೆಕ್ಕಕ್ಕೆ ಸುಲಭ, ಕಟ್ಟುವುದಕ್ಕೂ ಅನುಕೂಲ. ನದಿಯಲ್ಲಿ ಆಸರೆಯ ಕಂಬ ನಿಲ್ಲಿಸದೆ, ತಕ್ಕಡಿಯ ಎರಡು ತಟ್ಟೆಗಳಂತೆ ಇಕ್ಕೆಲವನ್ನೂ ಸಮತೂಕದಲ್ಲಿ ತುಂಡುತುಂಡಾಗಿ ಬೆಳೆಸುತ್ತ ಹೋಗಬಹುದು. ಅದಿರು ಹೊತ್ತ ಬಾರ್ಜುಗಳ ಓಡಾಟಕ್ಕೂ ತಡೆಯಿಲ್ಲ.

ಆದರೆ ಚಾಚಿದ ತೋಳನ್ನು ಎತ್ತಿ ಹಿಡಿದಿರುವುದು ಒಳಗಿನ ತಂತಿಗಳು ಮಾತ್ರ. ಅವುಗಳ ಬಲ ಕುಂದಿದರೆ ಕೀಲಿನಾಚೆಯ ತೋಳು ಈಚೆಯದನ್ನು ಹೊತ್ತು ನಿಲ್ಲಲಾರದು. ಕೀಲಿಲ್ಲದೆ ಒಂದೇ ತೊಲೆಯಂತೆ ಹಲವು ಕಂಬಗಳ ಮೇಲೆ ಹಾಯ್ದುಹೋಗುವ ಸೇತುವೆಯಲ್ಲಾದರೆ ಒಂದು ಕಡೆ ಬಲ ಕಡಮೆಯಾದಾಗ ಭಾರದ ಒಂದಂಶವು ಅಕ್ಕಪಕ್ಕಕ್ಕೆ ಸರಿದುಕೊಳ್ಳುತ್ತದೆ. ಸೇತುವೆ ಬಾಗುತ್ತದೆ, ಬಿರುಕು ಬಿಡುತ್ತದೆ, ನೋಡುವವರಿಗೆ ಎಚ್ಚರಿಕೆ ಕೊಡುತ್ತದೆ. ಕೀಲಿನ ಸೇತುವೆಯಲ್ಲಿ ಭಾರಕ್ಕೆ ಇಂಥ ಬದಲಿ ದಾರಿ ಇರಲಿಲ್ಲ. ಮಿಗಿಲಾಗಿ, ತಂತಿಗಳು ಕಾಂಕ್ರೀಟಿನ ಒಡಲಲ್ಲಿ ಹುದುಗಿರುವುದರಿಂದ ಅವುಗಳ ಸ್ಥಿತಿ ಹೊರಗೆ ನಿಂತವನ ಕಣ್ಣಿಗೆ ಬೀಳುವಂತಿಲ್ಲ. ಕಡಲ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ತಿಂಗಳ ಮಳೆ, ಕೊಳವೆಯಲ್ಲಿ ಸಿಮೆಂಟಿನ ಗಂಜಿ ತಲಪದೆ ಉಳಿದ ಪೊಳ್ಳು ಇವು ಮೂರೂ ಕೂಡಿದ ಕಡೆ ತಂತಿಯನ್ನು ತುಕ್ಕು ಒಳಗೊಳಗೇ ತಿನ್ನುತ್ತದೆ. ಮಾಂಡೋವಿಯ ಸೇತುವೆಯನ್ನು ಬೀಳಿಸಿದ್ದು ತಂತಿಗಳ ತುಕ್ಕೇ.

ಬಾರ್ದೇಸ, ಪೆಡ್ನೆಗಳ ಕಡೆಯಿಂದ ರಾಜಧಾನಿಗೆ ಬರುವ ಹೆದ್ದಾರಿ ಕಡಿದುಹೋಯಿತು. ಜನ ಮತ್ತೆ ಫೆರಿ ದೋಣಿಗಳ ಮೊರೆ ಹೊಕ್ಕರು. ಕಚೇರಿಗೆ ಹೋಗುವವರು, ಶಾಲೆಯ ಮಕ್ಕಳು, ಮೀನು ತರಕಾರಿಗಳ ಬುಟ್ಟಿಗಳು, ರೋಗಿಗಳು ಎಲ್ಲರೂ ದೋಣಿಗಾಗಿ ಕಾಯಬೇಕಾಯಿತು. ಸೇತುವೆ ಬಂದಿತೆಂದು ದೋಣಿಗಳನ್ನೆಲ್ಲ ಮಾರಿಬಿಟ್ಟಿದ್ದರೆ ಆ ದಿನಗಳ ಗತಿ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಸರಪಳಿ ಮತ್ತು ಹಗ್ಗ

ಇಲ್ಲಿರುವ ತತ್ತ್ವವನ್ನು ತಿಳಿಯಲು ಬಾವಿಯ ಕಟ್ಟೆಯ ಬಳಿ ನಿಂತರೆ ಸಾಕು. ಕೊಡವನ್ನು ಸರಪಳಿಯಿಂದಲೂ ಇಳಿಬಿಡಬಹುದು, ತೆಂಗಿನ ನಾರಿನ ಹಗ್ಗದಿಂದಲೂ ಇಳಿಬಿಡಬಹುದು. ಸರಪಳಿ ನೋಡಲು ಗಟ್ಟಿ. ಆದರೆ ಒಂದು ಕೊಂಡಿ ಬಿಟ್ಟರೆ ಕೊಡ ಬಾವಿಯ ಪಾಲು. ಹಗ್ಗದ ಒಂದೊಂದು ನಾರೂ ದುರ್ಬಲ. ಆದರೆ ಹತ್ತು ನಾರು ಹರಿದರೂ ಉಳಿದವು ಹೊರುತ್ತವೆ. ಅಲ್ಲದೆ ಹರಿದ ನಾರುಗಳು ಮೇಲೆದ್ದು ನಿಂತು, ಹಗ್ಗ ಬದಲಿಸುವ ಕಾಲ ಬಂದಿತೆಂದು ಮನೆಯವರಿಗೆ ತಿಳಿಸುತ್ತವೆ.

ಅಮೆರಿಕದ ಎರಡು ಸೇತುವೆಗಳ ಕಥೆಯಲ್ಲಿ ಈ ಸರಪಳಿಯನ್ನೂ ಹಗ್ಗವನ್ನೂ ಕಾಣಬಹುದು. ಒಹಾಯೋ ನದಿಯ ಮೇಲೆ 1928ರಲ್ಲಿ ಕಟ್ಟಿದ 'ಸಿಲ್ವರ್ ಬ್ರಿಜ್' ಎಂಬ ತೂಗುಸೇತುವೆಯನ್ನು ಹೊತ್ತಿದ್ದುದು ಉಕ್ಕಿನ ಪಟ್ಟಿಗಳ ಸರಪಳಿ. ಒಂದೊಂದು ಕೊಂಡಿಗೂ ಇದ್ದುದು ಎರಡೇ ಪಟ್ಟಿ. 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ಒತ್ತೊತ್ತಾಗಿ ನಿಂತಿದ್ದ ವೇಳೆಯಲ್ಲಿ, ಒಂದು ಪಟ್ಟಿಯ ತುದಿಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಆಳವಿದ್ದ ಬಿರುಕು ಒಮ್ಮೆಲೇ ಸೀಳಿತು. ಒಂದು ಪಟ್ಟಿ ಹೋಯಿತು, ಜೊತೆಯದು ಕಳಚಿಕೊಂಡಿತು, ಇಡೀ ಸೇತುವೆ ನದಿಗೆ ಬಿದ್ದು 46 ಜನ ಸತ್ತರು.

ಇನ್ನೊಂದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ. ಅದರ ಒಂದೊಂದು ಹೊರಜಿಯಲ್ಲೂ ಐದು ಸಾವಿರಕ್ಕೂ ಹೆಚ್ಚು ತಂತಿಗಳಿವೆ. ಕಟ್ಟುತ್ತಿದ್ದ ಕಾಲದಲ್ಲಿ, 1878ರಲ್ಲಿ, ತಂತಿಯ ಗುತ್ತಿಗೆದಾರನು ಪರೀಕ್ಷೆಯಲ್ಲಿ ತಳ್ಳಿಹಾಕಿದ ತಂತಿಯನ್ನು ಮೋಸದಿಂದ ಒಳಗೆ ಸಾಗಿಸಿದ್ದುದು ಬೆಳಕಿಗೆ ಬಂತು. ಸೇರಿಹೋದ ತಂತಿಯನ್ನು ಬಿಚ್ಚಿ ತೆಗೆಯುವಂತಿರಲಿಲ್ಲ. ಆದರೆ ಸೇತುವೆಯನ್ನು ಮೊದಲು ಯೋಜಿಸಿದ ಜಾನ್ ರೋಬ್ಲಿಂಗನು ಬೇಕಾದುದಕ್ಕಿಂತ ಆರು ಪಟ್ಟು ಬಲವನ್ನು ಇಟ್ಟಿದ್ದನು. ಮಗ ವಾಷಿಂಗ್ಟನ್ ರೋಬ್ಲಿಂಗನು ಲೆಕ್ಕ ಹಾಕಿ, ಒಂದೊಂದು ಹೊರಜಿಗೂ ಸುಮಾರು 150 ಒಳ್ಳೆಯ ತಂತಿಗಳನ್ನು ಹೆಚ್ಚಿಗೆ ಸೇರಿಸಿ ಕೆಲಸ ಮುಂದುವರಿಸಿದನು. 1883ರಲ್ಲಿ ತೆರೆದ ಆ ಸೇತುವೆ, ಕೆಟ್ಟ ತಂತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಂದಿಗೂ ನಿಂತಿದೆ. ತಂದೆಗೆ ಆ ಮೋಸಗಾರನ ಅರಿವಿರಲಿಲ್ಲ. ಆದರೆ ಏನಾದರೊಂದು ತಪ್ಪು ನಡೆದೀತೆಂಬ ಅರಿವಿತ್ತು.

ಮಾಂಡೋವಿಯ ಪಾಠವನ್ನು ನಮ್ಮವರೂ ಕಲಿತರು. ನಡುಗೀಲಿನ ಪದ್ಧತಿಯನ್ನು ಕೈಬಿಟ್ಟು ಅಖಂಡವಾಗಿ ಹಾಯುವ ಸೇತುವೆಗಳಿಗೆ ಒಲವು ಬೆಳೆಯಿತು. ಮುಂದೆ ಬೇಕಾದರೆ ಹೊಸ ತಂತಿ ಬಿಗಿಯಲೆಂದು ಮೊದಲೇ ಸ್ಥಳ ಬಿಟ್ಟಿರುವ ಕ್ರಮ ಬಂದಿತು. 2019ರ ಜನವರಿಯಲ್ಲಿ ಮಾಂಡೋವಿಯ ಮೇಲೆ ತೆರೆದ ಅಟಲ್ ಸೇತುವೂ, 2022ರ ಡಿಸೆಂಬರಿನಲ್ಲಿ ಮೊದಲ ಭಾಗ ತೆರೆದ ಹೊಸ ಜುವಾರಿ ಸೇತುವೆಯೂ ಎತ್ತರದ ಗೋಪುರಗಳಿಂದ ಹೊರಜಿಗಳನ್ನು ಬಿಗಿದು ಹಿಡಿದ ಸೇತುವೆಗಳು. ಇಂಥವುಗಳನ್ನು ಯೋಜಿಸುವಾಗ ಒಂದು ಹೊರಜಿ ಫಕ್ಕನೆ ಹರಿದರೂ ಸೇತುವೆ ನಿಲ್ಲಬೇಕು, ಹಳೆಯ ಹೊರಜಿಯನ್ನು ತೆಗೆದು ಹೊಸದನ್ನು ಹಾಕಲು ಬರಬೇಕು ಎಂಬ ಎರಡನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈಗ ರೂಢಿಯಾಗಿದೆ. ಹೊರಜಿಗಳು ಹೊರಗೆ ಕಾಣುವಂತಿರುವುದೂ ಒಂದು ಲಾಭ. ಕಾಣುವ ಕಾಯಿಲೆಗೆ ಮದ್ದು ಬೇಗ ದೊರೆಯುತ್ತದೆ.

ಸೋಲಿಗೂ ಒಂದು ಕ್ರಮ

ಎಲ್ಲ ಕಡೆಯೂ ಹೆಚ್ಚು ಬಲ ತುಂಬುವುದೊಂದೇ ಉಪಾಯವಲ್ಲ. ಕೆಲವೆಡೆ ಬೇಕೆಂದೇ ಒಂದು ದುರ್ಬಲ ಭಾಗವನ್ನಿಡುತ್ತಾರೆ. ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರನ್ನೇ ನೋಡಿ. ಸೀಟಿಯ ಕೆಳಗಿನ ರಂಧ್ರಕ್ಕೆ ಬೇಳೆಯ ಸಿಪ್ಪೆ ಸಿಕ್ಕಿಕೊಂಡು ಆವಿ ಹೊರಬರದಂತಾದರೆ, ಮುಚ್ಚಳದ ಮೇಲಿನ ಸಣ್ಣ ಸುರಕ್ಷಾ ಕವಾಟದಲ್ಲಿರುವ ಮೆದು ಲೋಹ ಕರಗಿ ಆವಿಗೆ ದಾರಿ ಬಿಡುತ್ತದೆ. ಆ ಚಿಕ್ಕ ತುಣುಕು ತಾನು ಕೆಟ್ಟು ಕುಕ್ಕರನ್ನೂ ಅಡಿಗೆಯವರನ್ನೂ ಉಳಿಸುತ್ತದೆ. ವಿದ್ಯುತ್ತಿನ ಫ್ಯೂಸು ಮಾಡುವುದೂ ಇದನ್ನೇ. 'ಪದೇ ಪದೇ ಹೋಗುತ್ತದೆ' ಎಂದು ಅದಕ್ಕೆ ದಪ್ಪ ತಂತಿ ಸುತ್ತುವವರು ಮನೆಯನ್ನು ಬಲಪಡಿಸುತ್ತಿಲ್ಲ. ಸುಡುವ ಸರದಿಯನ್ನು ಫ್ಯೂಸಿನಿಂದ ಗೋಡೆಯೊಳಗಿನ ವೈರಿಗೆ ವರ್ಗಾಯಿಸುತ್ತಿದ್ದಾರೆ.

ಮತ್ತೊಂದು ಉಪಾಯ, ಕೆಟ್ಟರೆ ಕ್ಷೇಮದ ಕಡೆಗೇ ಕೆಡುವಂತೆ ಮಾಡುವುದು. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬರುವ ನಮ್ಮವರಿಗೆ ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಬ್ರಗಾಂಝಾ ಘಟ್ಟ ಪರಿಚಿತ. 37 ಅಡಿ ಸಾಗಿದರೆ 1 ಅಡಿ ಇಳಿಯುವ ಕಡಿದಾದ ಹಾದಿ ಅದು. ಅಂಥಲ್ಲಿ ಬಂಡಿಗಳ ಕೊಂಡಿ ಕಳಚಿದರೆ ಗತಿಯೇನು? ರೈಲಿನ ಬ್ರೇಕನ್ನು ಕೊಳವೆಯೊಳಗಿನ ಗಾಳಿಯ ಒತ್ತಡವು ಹಿಡಿಯುವುದಿಲ್ಲ, ಬಿಡಿಸಿ ಇಟ್ಟಿರುತ್ತದೆ. ಕೊಂಡಿ ಕಳಚಿ ಕೊಳವೆ ಹರಿದೊಡನೆ ಒತ್ತಡ ಇಳಿದು ಎರಡೂ ತುಂಡುಗಳ ಬ್ರೇಕುಗಳು ತಾವಾಗಿಯೇ ಬಿಗಿಯುತ್ತವೆ. ಯಾರೂ ಏನೂ ಮಾಡದಿದ್ದರೂ ಬಂಡಿ ನಿಲ್ಲಬೇಕು ಎಂಬುದು ಇಲ್ಲಿನ ಸೂತ್ರ. ಜಾರ್ಜ್ ವೆಸ್ಟಿಂಗ್‌ಹೌಸನು 1870ರ ದಶಕದಲ್ಲಿ ತಂದ ಈ ಏರ್ಪಾಟು ಎಷ್ಟು ಜೀವಗಳನ್ನು ಉಳಿಸಿತೆಂದು ಎಣಿಸಿದವರಿಲ್ಲ.

ಪೂರ್ತಿ ನಿಲ್ಲುವ ಬದಲು ನಿಧಾನವಾಗಿ ಸಾಗುವುದು ಇನ್ನೊಂದು ಉಪಾಯ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಕೊಂಕಣ ರೈಲು ವೈಭವವಾಡಿಯ ಬಳಿ ಗುಡ್ಡದಿಂದ ಉರುಳಿದ ಬಂಡೆಗಳಿಗೆ ಸಿಕ್ಕಿ ಹಳಿ ತಪ್ಪಿ, 50ಕ್ಕೂ ಹೆಚ್ಚು ಜನ ಸತ್ತರು. ಮಳೆಗಾಲದಲ್ಲಿ ಆ ಗುಡ್ಡಗಳಿಂದ ಒಂದು ಕಲ್ಲೂ ಬೀಳದಂತೆ ಮಾಡುವುದು ಯಾರಿಂದಲೂ ಆಗದು. ಇಳಿಜಾರುಗಳಿಗೆ ಬಲೆ ಹೊದಿಸುವುದು, ಹಳಿಯ ಗಸ್ತು ಮೊದಲಾದ ಕೆಲಸಗಳ ಜೊತೆಗೆ, ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯೂ ಇದೆ. ಆಗ ವೇಗ ಕಡಮೆ; ಜೋರು ಮಳೆಗೆ ಮುಂದಿನದು ಕಾಣದಾದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕೆಂಬ ಆಜ್ಞೆಯಿದೆ. ಕಲ್ಲು ಬಿದ್ದರೂ ಚಾಲಕನಿಗೆ ಕಂಡು ನಿಲ್ಲಿಸಲು ಅವಕಾಶವಿರಬೇಕು. ಮಳೆಗಾಲದಲ್ಲಿ ಊರಿಗೆ ಹೊರಟಾಗ ರೈಲು ತಡವೆಂದು ಗೊಣಗುವ ಮುನ್ನ ಈ ತಡದ ಬೆಲೆಯನ್ನು ನೆನೆಯುವುದು ಒಳ್ಳೆಯದು. 2020ರ ಆಗಸ್ಟಿನಲ್ಲಿ ಪೆಡ್ನೆಯ ಸುರಂಗದ ಗೋಡೆ ಕುಸಿದಾಗ ರೈಲುಗಳನ್ನು ಮೀರಜ್, ಲೋಂಡಾಗಳ ಮೇಲೆ ಬಳಸಿ ತಂದರು. ಘಟ್ಟದ ಹಳೆಯ ಹಾದಿ ಇದ್ದುದರಿಂದ ಹೊಸ ಹಾದಿಯ ಕುಸಿತ ಪ್ರಯಾಣವನ್ನು ಉದ್ದಮಾಡಿತೇ ವಿನಾ ಕಡಿಯಲಿಲ್ಲ.

ಖಾಜನ್ ಗದ್ದೆಯ ಬುದ್ಧಿ

ಈ ವಿವೇಕವೆಲ್ಲ ಪಶ್ಚಿಮದಿಂದ ಬಂದುದೆಂದು ತಿಳಿಯಬಾರದು. ಗೋವೆಯ ಅಳಿವೆಗಳ ದಡದಲ್ಲಿ ಸುಮಾರು 18,000 ಹೆಕ್ಟೇರಿನಷ್ಟು ಹರಡಿರುವ ಖಾಜನ್ ಭೂಮಿಯನ್ನು ನೋಡಿದವರಿಗೆ ಇದು ಗೊತ್ತು. ಉಬ್ಬರದ ಉಪ್ಪುನೀರು ಏರುವ ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳವು. ನದಿಯ ಕಡೆಗೆ ಮಣ್ಣು, ಹುಲ್ಲು, ಜಂಬಿಟ್ಟಿಗೆಗಳ ಹೊರ ಒಡ್ಡು. ಒಳಗೆ ಇನ್ನಷ್ಟು ಚಿಕ್ಕ ಒಡ್ಡುಗಳು. ಮಾನಸ್ ಎಂದು ಕರೆಯುವ ತೂಬಿನ ಮರದ ಕದ ಉಬ್ಬರದ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಂಡು ಇಳಿತದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಅದರ ಹಿಂದಿನ ಹೊಂಡ ಹೆಚ್ಚಿನ ನೀರನ್ನು ಹಿಡಿದಿಡುತ್ತದೆ. ಹೊರ ಒಡ್ಡು ಒಂದು ಕಡೆ ಒಡೆದರೂ ಒಳ ಒಡ್ಡು ತಡೆಯುತ್ತದೆ. ಅಲ್ಪಸ್ವಲ್ಪ ಉಪ್ಪು ನುಗ್ಗಿದರೂ ಅದನ್ನು ತಾಳುವ ಕೊರ್ಗುಟ್ ಭತ್ತವನ್ನೇ ಬಿತ್ತಿರುತ್ತಾರೆ. ನಮ್ಮ ಉತ್ತರ ಕನ್ನಡದಲ್ಲಿ ಅಘನಾಶಿನಿಯ ದಡದ ಗಜನಿ ಗದ್ದೆಗಳೂ ಅಲ್ಲಿನ ಕಗ್ಗ ಭತ್ತವೂ ಇದೇ ಬುದ್ಧಿಯ ಫಲ.

ಆದರೆ ಖಾಜನ್ ಭೂಮಿಯನ್ನು ಶತಮಾನಗಳ ಕಾಲ ಕಾಪಾಡಿದ್ದು ಒಡ್ಡುಗಳು ಮಾತ್ರವಲ್ಲ. ಏಡಿ ಕೊರೆದ ಬಿಲವನ್ನು ಅದು ಬಿಲವಾಗಿರುವಾಗಲೇ ಮುಚ್ಚುವ ಹೊಣೆ ಊರಿನ ಗಾಂವ್ಕಾರಿಯದಾಗಿತ್ತು. ಒಡ್ಡಿಗೆ ಕಾವಲಿತ್ತು, ದುರಸ್ತಿಗೆ ಹಣ ಮೀಸಲಿತ್ತು. ಆ ಹೊಣೆ ಸಡಿಲವಾದ ಕಡೆ ಒಡ್ಡು ಒಡೆದು ಗದ್ದೆಗಳು ಉಪ್ಪುನೀರಿನ ಪಾಲಾಗಿವೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯುವ ಸ್ಥಿತಿ ಎಂದರೆ ಇದೇ.

ಸಹಿಸುವುದರಲ್ಲಿರುವ ಅಪಾಯ

ತಪ್ಪನ್ನು ಸಹಿಸುವ ಏರ್ಪಾಟಿಗೆ ತನ್ನದೇ ಆದ ಒಂದು ಅಪಾಯವುಂಟು. ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರುಗಳಿವೆ ಎನ್ನಿ. ಒಂದು ಬರಿದಾದ ದಿನ ಇನ್ನೊಂದನ್ನು ಜೋಡಿಸುತ್ತೇವೆ, ಒಲೆ ಆರುವುದಿಲ್ಲ. ಒಲೆ ಆರಲಿಲ್ಲವಾದ್ದರಿಂದ ಬರಿದಾದುದನ್ನು ತುಂಬಿಸಲು ಅವಸರವೂ ಇರುವುದಿಲ್ಲ. ಹೀಗೆ ಮೂರು ವಾರ ಕಳೆದರೆ, ಎರಡು ಸಿಲಿಂಡರುಗಳ ಮನೆ ಯಾರಿಗೂ ತಿಳಿಯದಂತೆ ಒಂದು ಸಿಲಿಂಡರಿನ ಮನೆಯಾಗಿರುತ್ತದೆ. ನೆಂಟರು ಬಂದ ದಿನವೇ ಅದೂ ಮುಗಿಯುತ್ತದೆ! ದೊಡ್ಡ ಯಂತ್ರಗಳಲ್ಲಿ ನಡೆಯುವುದೂ ಇದೇ. ಎರಡನೆಯ ಆಸರೆಯು ಮೊದಲನೆಯದನ್ನು ದುರಸ್ತಿ ಮಾಡಲು ದೊರೆತ ಸಮಯವೇ ಹೊರತು, ದುರಸ್ತಿಯನ್ನು ಮರೆಯಲು ದೊರೆತ ರಜೆಯಲ್ಲ.

ಎರಡು ಆಸರೆಗಳಿಗೆ ಒಂದೇ ರೋಗ ತಗುಲಬಾರದು ಎಂಬುದನ್ನೂ ಗಮನಿಸಬೇಕು. ಬೀಗದ ಎರಡು ಕೀಲಿಕೈಗಳನ್ನೂ ಒಂದೇ ಚೀಲದಲ್ಲಿಟ್ಟು ಚೀಲ ಕಳೆದುಕೊಂಡರೆ ಎರಡನೆಯದಿದ್ದು ಫಲವೇನು? ಜುವಾರಿಯ ಹಳೆಯ ಸೇತುವೆಯೂ ಮಾಂಡೋವಿಯದರಂತೆ ನಡುಗೀಲಿನ ಸೇತುವೆಯೇ. ಅದೇ ಉಪ್ಪುಗಾಳಿ, ಅದೇ ಮಳೆ. ಭಾರದ ವಾಹನಗಳಿಗೆ ಅದರ ಮೇಲೆ ವರ್ಷಗಳ ಕಾಲ ನಿರ್ಬಂಧ ಹಾಕಬೇಕಾಯಿತು. ಸುತ್ತಿ ಹೋಗುವ ಲಾರಿಗಳಿಗೆ ಅದರಿಂದ ಕಷ್ಟವಾಯಿತು ನಿಜ. ಆದರೆ ಬಲ ಕುಂದಿದ ಸೇತುವೆಯ ಮೇಲಿನ ಭಾರವನ್ನು ಇಳಿಸಿ, ಹೊಸದು ಬರುವವರೆಗೆ ಅದನ್ನು ಜೋಪಾನ ಮಾಡಿದ್ದು ವಿವೇಕದ ಕೆಲಸ.

ಕಾಳಿಯ ಮೇಲೆ

ಗಡಿಯನ್ನು ದಾಟಿ ಊರಿಗೆ ಹೋಗಿಬರುವ ನಮ್ಮೆಲ್ಲರಿಗೂ ಹತ್ತಿರವಾದ ಒಂದು ಘಟನೆಯನ್ನು ಹೇಳಿ ಮುಗಿಸುತ್ತೇವೆ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ನದಿಯ ಮೇಲಿದ್ದ ನಾಲ್ಕು ದಶಕಗಳ ಹಳೆಯ ಸೇತುವೆ ಕುಸಿಯಿತು. ಗೋವೆಯ ಕಡೆಯಿಂದ ಹೋಗುತ್ತಿದ್ದ ಒಂದು ಲಾರಿ ನೀರಿಗೆ ಬಿದ್ದಿತು. ಕತ್ತಲಲ್ಲಿ ಸ್ಥಳೀಯ ಮೀನುಗಾರರೂ ಪೊಲೀಸರೂ ಸೇರಿ ಅದರ ಚಾಲಕನನ್ನು ಬದುಕಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದಿತು. ಅದನ್ನು ತಪಾಸಣೆ ಮಾಡಿದ ಮೇಲೆ ಅದರ ಮೇಲೆಯೇ ಎರಡೂ ಕಡೆಯ ಸಂಚಾರ ಸಾಗಿತು.

1986ರ ಮಾಂಡೋವಿಯನ್ನೂ 2024ರ ಕಾಳಿಯನ್ನೂ ಜೊತೆಗಿಟ್ಟು ನೋಡಿದರೆ, ನಡುವಿನ 38 ವರ್ಷಗಳಲ್ಲಿ ಒಂದು ಪಾಠವನ್ನು ಕಲಿತಿದ್ದೇವೆ, ಇನ್ನೊಂದು ಬಾಕಿ ಉಳಿದಿದೆ ಎನಿಸುತ್ತದೆ. ಒಂದು ಸೇತುವೆ ಬಿದ್ದರೆ ನಾಡೇ ಎರಡಾಗಬಾರದೆಂಬ ಪಾಠ ಕಲಿತಾಗಿದೆ. ಕಾಳಿಯಲ್ಲಿ ಹೆದ್ದಾರಿ ಕಡಿಯಲಿಲ್ಲ. ಆದರೆ ಒಂದು ಹಳೆಯ ಸೇತುವೆ ತನ್ನ ಮೇಲಿನ ವಾಹನದ ಸಮೇತ ಬೀಳುವ ತನಕ ಅದರ ದುರ್ಬಲತೆ ನಮಗೆ ತಿಳಿಯಲಿಲ್ಲ. ನಾಡಿಗೆ ಎರಡನೆಯ ದಾರಿಯಿತ್ತು. ಆ ಲಾರಿಯ ಚಾಲಕನಿಗೆ ಇದ್ದುದು ಮೀನುಗಾರರ ದೋಣಿ ಮಾತ್ರ. ಕಾಲಕಾಲಕ್ಕೆ ತಪಾಸಣೆ, ಅದರ ಫಲ ಜನರಿಗೆ ತಿಳಿಯುವಂತೆ ಪ್ರಕಟಣೆ, ಸಂದೇಹ ಬಂದೊಡನೆ ಭಾರಕ್ಕೆ ಮಿತಿ ಇವನ್ನು ಕೇಳಿ ಪಡೆಯುವುದು ಸೇತುವೆಯ ಮೇಲೆ ಮಕ್ಕಳುಮರಿಗಳೊಡನೆ ಹಾಯುವ ನಮ್ಮ ಹಕ್ಕು. ಹೊಸ ಸೇತುವೆಯ ಉದ್ಘಾಟನೆಗೆ ಸೇರುವಷ್ಟು ಜನ ಹಳೆಯ ಸೇತುವೆಯ ತಪಾಸಣೆಯ ವರದಿಯನ್ನೂ ಕೇಳುವಂತಾದರೆ ಅರ್ಧ ಕೆಲಸ ಆದಂತೆ.

ಮನೆಯ ಮಟ್ಟಿಗೆ ಈ ತಿಂಗಳೇ ಮಾಡಬಹುದಾದ ಕೆಲಸಗಳೂ ಇವೆ. ಕುಕ್ಕರಿನ ಸುರಕ್ಷಾ ಕವಾಟವನ್ನೂ ಗ್ಯಾಸ್ಕೆಟನ್ನೂ ಒಮ್ಮೆ ಪರೀಕ್ಷಿಸಿರಿ. ಫ್ಯೂಸಿಗೆ ಸರಿಯಾದ ತಂತಿಯೇ ಇದೆಯೇ ನೋಡಿರಿ. ಗ್ಯಾಸಿನ ರಬ್ಬರು ಕೊಳವೆಯನ್ನು ಬಾಗಿಸಿ ಬಿರುಕುಂಟೇ ಎಂದು ತಿಳಿಯಿರಿ. ಬರಿದಾದ ಸಿಲಿಂಡರನ್ನು ಅದೇ ದಿನ ಬರೆಸಿರಿ. ಬಾವಿಯಿರುವ ಮನೆಯವರು, ಹಗ್ಗದಲ್ಲಿ ನಾರು ಮೇಲೆದ್ದಿದ್ದರೆ, ಕೊಡ ಬೀಳುವ ಮುನ್ನ ಹೊಸ ಹಗ್ಗ ತನ್ನಿರಿ.